ಹದಿನೇಳರಲ್ಲಿ ಸೊನ್ನೆ: ಕಂಕುಳ ಗಂಟಿನ ಒಂದು ಚರಿತ್ರೆ

ಲಿಂಫ್ ಎಂಬ ಪದಕ್ಕೆ ಕನ್ನಡದ ವೈದ್ಯ ಬರಹಗಳು ಬಳಸುವ ಮಾತು ದುಗ್ಧರಸ. ಲಿಂಫ್ ನೋಡ್ ಎಂದರೆ ದುಗ್ಧಗ್ರಂಥಿ. ದುಗ್ಧ ಅಂದರೆ ಹಾಲು. ಆದರೆ ನಮ್ಮ ಕೈಯಲ್ಲಿ, ಎದೆಯಲ್ಲಿ ಹರಿಯುವ ಈ ದ್ರವ ಹಾಲಿನಂತೆ ಬೆಳ್ಳಗಿಲ್ಲ, ಹೆಚ್ಚುಕಡಿಮೆ ತಿಳಿನೀರಿನಂತಿದೆ. ಲ್ಯಾಟಿನ್ನಿನ ಲಿಂಫಾ ಎಂಬ ಮೂಲಪದಕ್ಕೂ ತಿಳಿನೀರೆಂದೇ ಅರ್ಥ. ಹಾಗಾದರೆ ನಮ್ಮ ಪದಕ್ಕೆ ಹಾಲು ಎಲ್ಲಿಂದ ಬಂತು? ಕನ್ನಡದ ವೈದ್ಯ ಸಾಹಿತ್ಯದ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಇಂಥ ಪ್ರಶ್ನೆಗಳ ಬೆನ್ನು ಹತ್ತುವುದೇ ಕೆಲಸ. ಆ ಕೆಲಸ ಇನ್ನೂ ಮುಗಿಯದಿರುವುದಕ್ಕೂ ಅದೇ ಕಾರಣ ಎಂದು ನನ್ನ ಗೆಳೆಯರು ಹೇಳುತ್ತಾರೆ.

ಹಾಲಿನ ಜಾಡು ಹಿಡಿದರೆ ಸಿಗುವವನು ಇಟಲಿಯ ಗಾಸ್ಪಾರೆ ಅಸೆಲ್ಲಿ. 1622ರ ಜುಲೈನಲ್ಲಿ ಅವನು ಆಗಷ್ಟೇ ಉಂಡಿದ್ದ ನಾಯಿಯೊಂದರ ಹೊಟ್ಟೆ ಸೀಳಿ ನೋಡುವಾಗ ಕರುಳಿನ ಸುತ್ತ ಬಿಳಿಯ ಎಳೆಗಳು ಹರಡಿಕೊಂಡಿದ್ದವು. ಮೊದಲು ನರಗಳೆಂದುಕೊಂಡ. ಒಂದನ್ನು ಚುಚ್ಚಿದರೆ ಹಾಲಿನಂಥ ದ್ರವ ಚಿಮ್ಮಿತು. ಊಟದ ಜಿಡ್ಡನ್ನು ಕರುಳಿನಿಂದ ಹೊತ್ತೊಯ್ಯುವ ನಾಳಗಳವು. ಉಂಡ ಸ್ವಲ್ಪ ಹೊತ್ತು ಮಾತ್ರ ಬೆಳ್ಳಗಿರುತ್ತವೆ. ಅವುಗಳ ಕುರಿತ ಅವನ ಪುಸ್ತಕ ಅಚ್ಚಾದದ್ದು 1627ರಲ್ಲಿ, ಅವನು ಸತ್ತ ಮೇಲೆ. ಮೈಯೆಲ್ಲ ಹಬ್ಬಿರುವ ಈ ಜಾಲದಲ್ಲಿ ಮನುಷ್ಯರ ಕಣ್ಣಿಗೆ ಮೊದಲು ಬಿದ್ದ ಭಾಗ ಹಾಲಿನ ಬಣ್ಣದ್ದಾದ್ದರಿಂದ ಆ ಹೆಸರು ಉಳಿದು, ಸಂಸ್ಕೃತದ ವೇಷ ಹಾಕಿಕೊಂಡು ನಮ್ಮ ಪಠ್ಯಗಳಿಗೂ ಬಂದಿರಬೇಕೆಂದು ನನ್ನ ಊಹೆ.

ಹೆಸರು ಏನೇ ಇರಲಿ, ನಮ್ಮ ಕಡೆಯ ಜನ ಈ ಗ್ರಂಥಿಯನ್ನು ಪಠ್ಯಪುಸ್ತಕಕ್ಕಿಂತ ಮೊದಲೇ ಬಲ್ಲರು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂತು, ಅಲ್ಲಿಂದ ಮೈಸೂರು ಸಂಸ್ಥಾನಕ್ಕೆ ಹಬ್ಬಿತು. ಕಂಕುಳಲ್ಲೋ ತೊಡೆಸಂದಿಯಲ್ಲೋ ಗೆಡ್ಡೆ ಎದ್ದಿತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆ ಗೆಡ್ಡೆ ಬೇರೇನಲ್ಲ, ಬ್ಯಾಕ್ಟೀರಿಯಾ ತುಂಬಿ ಊದಿಕೊಂಡ ದುಗ್ಧಗ್ರಂಥಿಯೇ. ಪ್ಲೇಗಮ್ಮನ ಗುಡಿಗಳು ಹಳೆ ಮೈಸೂರಿನಲ್ಲಿ ಇವತ್ತಿಗೂ ಇವೆ. ನಮ್ಮ ಅಜ್ಜಿಯ ಕಾಲದವರು ಕಂಕುಳಲ್ಲಿ ಗಂಟು ಎಂಬ ಮಾತನ್ನು ತಗ್ಗಿದ ದನಿಯಲ್ಲಿ ಹೇಳುತ್ತಿದ್ದುದರ ಹಿಂದೆ ಆ ನೆನಪೂ ಇದ್ದೀತು.

ನಾನು ಈ ಚರಿತ್ರೆಗೆ ಬಂದ ದಾರಿ ಮಾತ್ರ ಪ್ಲೇಗಿನದಲ್ಲ, ಒಂದು ಹಾಳೆಯದು. ಮಧುಗಿರಿ ತಾಲ್ಲೂಕಿನ ನಮ್ಮ ದೊಡ್ಡಮ್ಮನಿಗೆ 2003ರಲ್ಲಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಎಡಸ್ತನ ತೆಗೆದರು. ಅದರ ಜೊತೆಗೆ ಬಂದ ರೋಗಶಾಸ್ತ್ರ ವರದಿಯ ಹಾಳೆಯನ್ನು ಅವರು ರೇಷನ್ ಕಾರ್ಡು, ಪಹಣಿಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ಅದರಲ್ಲಿ ಒಂದು ಸಾಲಿನ ಕೊನೆಗೆ 0/17 ಎಂದು ಅಚ್ಚಾಗಿತ್ತು. ಕಂಕುಳಿನಿಂದ ತೆಗೆದ ಗ್ರಂಥಿಗಳು 17, ಅವುಗಳಲ್ಲಿ ಕ್ಯಾನ್ಸರ್ ಇದ್ದವು 0. ಇದಕ್ಕಿಂತ ಒಳ್ಳೆಯ ಸುದ್ದಿ ಇರಲಾರದು. ಆದರೆ ಮರುವರ್ಷದ ಹೊತ್ತಿಗೆ ಅವರ ಎಡಗೈ ಬಾತುಕೊಳ್ಳತೊಡಗಿತು. ಬಳೆಗಳನ್ನು ಒಡೆದು ತೆಗೆಯಬೇಕಾಯಿತು, ರವಿಕೆಯ ತೋಳು ಹೊಲಿಗೆ ಬಿಚ್ಚಿ ದೊಡ್ಡದು ಮಾಡಬೇಕಾಯಿತು. ಕಡಲೆಕಾಯಿ ಕೀಳುವಾಗ, ಹುಣಸೆಹಣ್ಣು ಬಡಿಯುವಾಗ ಆ ಕೈಗೆ ಒಂದು ತರಚು ಬಿದ್ದರೂ ಕೆಂಪಾಗಿ ಜ್ವರ ಬರುತ್ತಿತ್ತು. ರೋಗ ತಿರುಗಿ ಬಂದಿದೆ ಎಂದು ಊರಿನವರು ಅಂದುಕೊಂಡರು. ರೋಗ ಬಂದಿರಲಿಲ್ಲ, ಇವತ್ತಿಗೂ ಬಂದಿಲ್ಲ. ಕೈ ಮಾತ್ರ ಇಳಿಯಲಿಲ್ಲ.

ಸೊನ್ನೆ ಅಂದ ಮೇಲೆ ಹದಿನೇಳನ್ನೂ ಯಾಕೆ ತೆಗೆದರು? ಆ ಕಾಲದ ಆ ಶಸ್ತ್ರವೈದ್ಯರು ಮಾಡಿದ್ದು ಆ ಕಾಲಕ್ಕೆ ಸರಿಯಾದದ್ದೇ. ಆ ಸರಿ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಸುಮಾರು 250 ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

1757ರಲ್ಲಿ ಪ್ಯಾರಿಸ್ಸಿನ ಹೆನ್ರಿ ಲೆ ದ್ರಾಂ ಎಂಬ ಶಸ್ತ್ರವೈದ್ಯ ಸ್ತನದ ಕ್ಯಾನ್ಸರ್ ಮೊದಲು ಒಂದೇ ಕಡೆ ಹುಟ್ಟಿ, ಆಮೇಲೆ ದುಗ್ಧನಾಳಗಳ ಮೂಲಕ ಕಂಕುಳಿಗೆ ಹೋಗುತ್ತದೆ ಎಂದು ಬರೆದ. ಅಲ್ಲಿಯವರೆಗೆ ಯುರೋಪಿನ ವೈದ್ಯರ ನಂಬಿಕೆ ಬೇರೆ: ಕ್ಯಾನ್ಸರ್ ಎಂದರೆ ಮೈಯೆಲ್ಲ ತುಂಬಿದ ಕರಿಪಿತ್ತದ ಒಂದು ಗುರುತು, ಕೊಯ್ದರೆ ಪ್ರಯೋಜನವಿಲ್ಲ. ಲೆ ದ್ರಾಂ ಮಾತು ನಿಜವಾದರೆ ಬೇಗ ಕೊಯ್ದರೆ ಬದುಕಬಹುದು. ಕೊಯ್ಯುವುದು ಎಂದರೆ ಆಗ ಏನು ಎಂಬುದನ್ನು ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿ ಬರೆದಿಟ್ಟಿದ್ದಾಳೆ. 1811ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ತನ್ನ ಮನೆಯಲ್ಲಿಯೇ ನೆಪೋಲಿಯನ್ನನ ಸೇನೆಯ ವೈದ್ಯ ಲಾರೆಯಿಂದ ಎಚ್ಚರವಿರುವಾಗಲೇ ಸ್ತನ ತೆಗೆಸಿಕೊಂಡು, ತಿಂಗಳುಗಳ ನಂತರ ಅಕ್ಕನಿಗೆ ಅದರ ವಿವರ ಬರೆದಳು. ಆ ಪತ್ರವನ್ನು ಓದಿದವರು ಮರೆಯಲಾರರು. ಆಕೆ ಆಮೇಲೆ 28 ವರ್ಷ ಬದುಕಿದಳು. ಅದಕ್ಕೂ ಏಳು ವರ್ಷ ಮೊದಲು, 1804ರಲ್ಲಿ, ಜಪಾನಿನ ಹನಾವೊಕ ಸೈಶು ಎಂಬ ವೈದ್ಯ ಗಿಡಮೂಲಿಕೆಯ ಅರಿವಳಿಕೆ ಕುಡಿಸಿ 60 ವರ್ಷದ ಹೆಂಗಸೊಬ್ಬಳ ಸ್ತನದ ಗೆಡ್ಡೆಯನ್ನು ನೋವಿಲ್ಲದೆ ತೆಗೆದಿದ್ದ. ಆ ಸುದ್ದಿ ಆಗ ಜಪಾನಿನ ಆಚೆ ಹೋಗಲಿಲ್ಲ.

ಮುಂದಿನ ಹೆಜ್ಜೆ ಇಟ್ಟವನು ಜರ್ಮನಿಯ ರುಡಾಲ್ಫ್ ವಿರ್ಕೋ. ದುಗ್ಧಗ್ರಂಥಿಗಳು ಸೋಸುವ ಜರಡಿಗಳು ಎಂದ. ನಮ್ಮ ಸೀಮೆಯವರಿಗೆ ಇದನ್ನು ಕೆರೆಗಳ ಸಾಲಿನಿಂದ ಹೇಳುವುದು ಸುಲಭ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಬಗ್ಗಡ ಮೊದಲ ಕೆರೆಯಲ್ಲಿ ನಿಲ್ಲುತ್ತದೆ; ಅಲ್ಲಿ ಹಿಡಿಸಲಾರದಷ್ಟಾದಾಗ ಮುಂದಕ್ಕೆ ಹೋಗುತ್ತದೆ. ವಿರ್ಕೋ ಕಲ್ಪಿಸಿದ್ದು ಹೆಚ್ಚುಕಡಿಮೆ ಇದನ್ನೇ. ಕ್ಯಾನ್ಸರ್ ಸ್ತನದಿಂದ ಹೊರಟು ಸಾಲಾಗಿ ಒಂದೊಂದೇ ಗ್ರಂಥಿಯಲ್ಲಿ ತಂಗಿ, ಕೊನೆಯದನ್ನು ದಾಟಿದ ಮೇಲೆ ಮೈಗೆ ಹರಡುತ್ತದೆ. ಹಾಗಿದ್ದರೆ ಎಲ್ಲ ಕೆರೆಗಳನ್ನೂ ಒಟ್ಟಿಗೆ ಅಗೆದು ತೆಗೆದುಬಿಟ್ಟರೆ?

ಹಾಗೆ ಮಾಡಿದವನು ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್. ಸ್ತನ, ಅದರ ಕೆಳಗಿನ ಎದೆಸ್ನಾಯು, ಕಂಕುಳಿನ ಕೊಬ್ಬು, ಅದರೊಳಗಿನ ಎಲ್ಲ ಗ್ರಂಥಿ, ಎಲ್ಲವೂ ಒಂದೇ ತುಂಡಾಗಿ ಹೊರಗೆ. ಮಧ್ಯೆ ಕತ್ತರಿಸಿದರೆ ಕ್ಯಾನ್ಸರ್ ಚೆಲ್ಲಿಹೋದೀತು ಎಂಬ ಭಯ. 1894ರಲ್ಲಿ ಅವನು 50 ಜನರ ಫಲಿತಾಂಶ ಪ್ರಕಟಿಸಿದ. ಕೊಯ್ದ ಜಾಗದಲ್ಲೇ ರೋಗ ಮರುಕಳಿಸುವುದು ಯುರೋಪಿನ ದೊಡ್ಡ ದೊಡ್ಡ ವೈದ್ಯರ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚಿದ್ದಾಗ ಅವನ ಕೈಯಲ್ಲಿ ಅದು ಬೆರಳೆಣಿಕೆಗೆ ಇಳಿದಿತ್ತು. ಜಗತ್ತು ಅವನ ದಾರಿ ಹಿಡಿಯಿತು, ಮುಕ್ಕಾಲು ಶತಮಾನ ಬಿಡಲಿಲ್ಲ. ಹಾಲ್‌ಸ್ಟೆಡ್ಡನನ್ನು ರಾಕ್ಷಸನಂತೆ ಚಿತ್ರಿಸುವುದು ಈಗ ಸುಲಭ. ಆದರೆ ಅವನ ಬಳಿ ಬರುತ್ತಿದ್ದ ಹೆಂಗಸರ ಗೆಡ್ಡೆಗಳು ದೊಡ್ಡವಾಗಿದ್ದವು, ಚರ್ಮ ಒಡೆದು ಹುಣ್ಣಾದವೂ ಇದ್ದವು. ಅಂಥ ಹುಣ್ಣಿನಿಂದ ಬಿಡುಗಡೆಯೂ ಒಂದು ಬಿಡುಗಡೆಯೇ. ತಪ್ಪು ಬಂದದ್ದು ಅದನ್ನು ಎಲ್ಲರಿಗೂ ಮಾಡತೊಡಗಿದಾಗ, ಪ್ರಶ್ನೆ ಕೇಳಿದವರನ್ನು ಅಂಜುಬುರುಕರೆಂದಾಗ.

ಹಾಗೆ ಪ್ರಶ್ನೆ ಕೇಳಿದ ಒಬ್ಬರ ಬಗ್ಗೆ ಸಾಹಿತ್ಯದ ಓದುಗರಿಗೆ ಹೇಳದೆ ಮುಂದೆ ಹೋಗಲಾರೆ. ವಿಲಿಯಂ ಬ್ಲೇಕನ ಕೃತಿಗಳನ್ನು ಸಂಪಾದಿಸಿದ ಜೆಫ್ರಿ ಕೇನ್ಸ್ ಹೆಸರನ್ನು ಇಂಗ್ಲಿಷ್ ಎಂ.ಎ. ಮಾಡಿದವರು ಕೇಳಿರುತ್ತಾರೆ. ಅವನು ವೃತ್ತಿಯಿಂದ ಶಸ್ತ್ರವೈದ್ಯ, ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯವನು. ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸನ ತಮ್ಮ. 1920ರ ದಶಕದಲ್ಲಿ ಅವನು ಎದೆಯನ್ನೆಲ್ಲ ಬಗೆಯುವ ಬದಲು ಗೆಡ್ಡೆಯ ಸುತ್ತ ರೇಡಿಯಂ ಸೂಜಿಗಳನ್ನು ಚುಚ್ಚಿಟ್ಟು ನೋಡಿದ. ಬದುಕುಳಿದವರ ಲೆಕ್ಕ ಹಾಲ್‌ಸ್ಟೆಡ್ ವಿಧಾನದವರಿಗಿಂತ ಕಡಿಮೆಯೇನೂ ಇರಲಿಲ್ಲ. ಸಹೋದ್ಯೋಗಿಗಳು ಒಪ್ಪಲಿಲ್ಲ. 1939ರಲ್ಲಿ ಯುದ್ಧ ಶುರುವಾಗಿ ರೇಡಿಯಂ ಕೈಗೆ ಸಿಗದಾಯಿತು, ಕೆಲಸ ನಿಂತಿತು. ಒಂದು ಪಠ್ಯದ ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಪರಂಪರೆ ಹೇಳಿದ ಪಾಠವನ್ನೇ ನಂಬದೆ ಹೋಲಿಸಿ ನೋಡುವ ಅಭ್ಯಾಸ ಅವನಿಗೆ ಆಸ್ಪತ್ರೆಯಲ್ಲೂ ನೆರವಾಗಿರಬೇಕು ಎಂದು ನನಗೆ ಅನ್ನಿಸುತ್ತದೆ. ಸಂಪಾದನಶಾಸ್ತ್ರ ಓದಿದವರ ಪಕ್ಷಪಾತ ಎಂದು ಬೇಕಾದರೆ ಅನ್ನಿ.

ಕೇನ್ಸನ ಬಳಿ ಇದ್ದದ್ದು ಅನುಭವ. ಪುರಾವೆ ಬಂದದ್ದು ಅಮೆರಿಕದ ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರನಿಂದ. 1971ರಲ್ಲಿ ಆರಂಭವಾದ ಅವನ ಪ್ರಯೋಗದಲ್ಲಿ, ಕಂಕುಳಲ್ಲಿ ಕೈಗೆ ಗಂಟು ಸಿಗದ 1,079 ಹೆಂಗಸರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಹಾಲ್‌ಸ್ಟೆಡ್ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಸ್ತನ ಮಾತ್ರ ತೆಗೆದು ಕಂಕುಳಿಗೆ ವಿಕಿರಣ, ಮೂರನೆಯದಕ್ಕೆ ಸ್ತನ ಮಾತ್ರ ತೆಗೆದು ಕಂಕುಳನ್ನು ಮುಟ್ಟದೆ ಬಿಟ್ಟು, ಮುಂದೆ ಗಂಟು ಕಾಣಿಸಿದರೆ ಆಗ ತೆಗೆಯುವುದು. 25 ವರ್ಷ ಕಾದರು. 2002ರಲ್ಲಿ ಲೆಕ್ಕ ಹೊರಬಿತ್ತು: ಮೂರು ಗುಂಪುಗಳಲ್ಲಿ ಬದುಕುಳಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಅದರೊಳಗೊಂದು ವಿಚಿತ್ರ ಸಂಗತಿ. ಕಂಕುಳನ್ನು ಬಗೆದು ನೋಡಿದ ಗುಂಪಿನಲ್ಲಿ ಸುಮಾರು 40% ಜನರ ಗ್ರಂಥಿಗಳಲ್ಲಿ ಕಣ್ಣಿಗೆ ಕಾಣದ ಕ್ಯಾನ್ಸರ್ ಇತ್ತು. ಚೀಟಿ ಎತ್ತಿ ಮಾಡಿದ ಗುಂಪುಗಳಾದ್ದರಿಂದ ಮುಟ್ಟದೆ ಬಿಟ್ಟ ಗುಂಪಿನಲ್ಲೂ ಅಷ್ಟೇ ಜನರಿಗೆ ಇದ್ದಿರಲೇಬೇಕು. ಆದರೆ ಅವರಲ್ಲಿ ಮುಂದೆ ಗಂಟು ಕಾಣಿಸಿಕೊಂಡದ್ದು ಶೇಕಡ 20ಕ್ಕೂ ಕಡಿಮೆ ಮಂದಿಗೆ. ಅಂದರೆ ಕೆರೆಗಳ ಸಾಲಿನ ಕಲ್ಪನೆ ಪೂರ್ತಿ ನಿಜವಲ್ಲ. ಕ್ಯಾನ್ಸರ್ ಮೈಗೆ ಹರಡಬೇಕಾದರೆ ಕಂಕುಳಲ್ಲಿ ಸರದಿಗೆ ನಿಂತು ಕಾಯುವುದಿಲ್ಲ. ರಕ್ತದ ಮೂಲಕ ಮೊದಲೇ ಹೊರಟಿರಬಹುದು, ಹೊರಡದೆಯೂ ಇರಬಹುದು.

ಹಾಗಾದರೆ ಗ್ರಂಥಿಯನ್ನು ನೋಡುವುದೇ ಬೇಡವೇ? ಇಲ್ಲಿ ಈ ಕಥೆಗೆ ತಿರುವು ಇದೆ. 1976ರಲ್ಲಿ ಇಟಲಿಯ ಜಾನಿ ಬೊನಾಡೊನ್ನಾ, ಗ್ರಂಥಿಗಳಲ್ಲಿ ಕ್ಯಾನ್ಸರ್ ಇದ್ದವರಿಗೆ ಶಸ್ತ್ರಚಿಕಿತ್ಸೆಯ ನಂತರ ಮೂರು ಔಷಧಿಗಳ ಕಿಮೊಥೆರಪಿ ಕೊಟ್ಟರೆ ರೋಗ ಮರಳುವುದು ಕಡಿಮೆಯಾಗುತ್ತದೆಂದು ತೋರಿಸಿದ. ಅಲ್ಲಿಂದ ಮುಂದೆ ಗ್ರಂಥಿಯ ಕೆಲಸ ಬದಲಾಯಿತು. ಮೊದಲು ಅದನ್ನು ತೆಗೆಯುತ್ತಿದ್ದದ್ದು ರೋಗ ನಿಲ್ಲಿಸಲಿಕ್ಕೆ, ಈಗ ರೋಗವನ್ನು ಓದಲಿಕ್ಕೆ. ಯಾರಿಗೆ ಕಿಮೊ, ಯಾರಿಗೆ ವಿಕಿರಣ ಎಂಬ ತೀರ್ಮಾನ 0/17, 3/14 ಎಂಬಂಥ ಅಂಕಿಗಳ ಮೇಲೆ ನಿಂತಿತು. ದೊಡ್ಡಮ್ಮನ ಹದಿನೇಳು ಗ್ರಂಥಿಗಳು ಹೋದದ್ದು ಈ ಓದಿಗಾಗಿ. ಒಂದು ಸಾಲು ಓದಲು ಇಡೀ ಪುಸ್ತಕವನ್ನು ಹರಿದು ತೆಗೆಯಬೇಕಿತ್ತು, ಯಾವ ಪುಟದಲ್ಲಿದೆಯೆಂದು ಗೊತ್ತಿಲ್ಲದ್ದರಿಂದ.

ಓದುವುದು ಅಂದೆ. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಓದುವುದಕ್ಕೂ ಒಂದು ಚರಿತ್ರೆಯಿದೆ. 1905ರ ಜನವರಿ, ಅಮೆರಿಕದ ಮಿನೆಸೊಟಾದ ಮೇಯೊ ಕ್ಲಿನಿಕ್. ರೋಗಿ ಮೇಜಿನ ಮೇಲಿರುವಾಗಲೇ ಇದು ಕ್ಯಾನ್ಸರೋ ಅಲ್ಲವೋ ಹೇಳುವಂತಾಗಬೇಕು ಎಂದು ವಿಲಿಯಂ ಮೇಯೊ ತನ್ನ ರೋಗಶಾಸ್ತ್ರಜ್ಞ ಲೂಯಿ ವಿಲ್ಸನ್ನನಿಗೆ ಹೇಳಿದ. ಅಲ್ಲಿಯವರೆಗೆ ತುಣುಕನ್ನು ಮೇಣದಲ್ಲಿ ಕೂರಿಸಿ, ತೆಳುವಾಗಿ ಹೆರೆದು, ಬಣ್ಣ ಹಾಕುವಷ್ಟರಲ್ಲಿ ದಿನಗಳೇ ಹಿಡಿಯುತ್ತಿದ್ದವು. ಮಿನೆಸೊಟಾದ ಜನವರಿ ಎಂದರೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ. ವಿಲ್ಸನ್ ತುಣುಕನ್ನು ಕಿಟಕಿಯಾಚೆ ಇಟ್ಟು ಹೆಪ್ಪುಗಟ್ಟಿಸಿ, ಹೆರೆದು, ಮಿಥಿಲೀನ್ ಬ್ಲೂ ಹಚ್ಚಿ ನೋಡಿದ. ಕೆಲವೇ ನಿಮಿಷಗಳಲ್ಲಿ ಉತ್ತರ ಸಿಕ್ಕಿತು. ಫ್ರೋಜನ್ ಸೆಕ್ಷನ್ ಎಂದು ಇವತ್ತಿಗೂ ಕರೆಯುವ ಈ ವಿಧಾನ ಆ ಚಳಿಗಾಲದಿಂದ ಜನಪ್ರಿಯವಾಯಿತು.

ಇಂಥ ಉಪಕಾರದ ಸಾಧನವೂ ಹೆಂಗಸರ ಮೇಲೆ ತಿರುಗಿಬಿದ್ದ ಕಾಲವಿತ್ತು. ಗಂಟು ಕಂಡ ಹೆಂಗಸನ್ನು ಅರಿವಳಿಕೆ ಕೊಟ್ಟು ಮಲಗಿಸಿ, ತುಣುಕು ತೆಗೆದು, ಫ್ರೋಜನ್ ಸೆಕ್ಷನ್ ಕ್ಯಾನ್ಸರ್ ಎಂದರೆ ಅವಳನ್ನು ಎಬ್ಬಿಸದೆ ಅಲ್ಲೇ ಪೂರ್ತಿ ಸ್ತನ, ಸ್ನಾಯು, ಕಂಕುಳು ತೆಗೆಯುವುದು ರೂಢಿಯಾಯಿತು. ಮಲಗುವಾಗ ಅವಳಿಗೆ ಗೊತ್ತಿಲ್ಲ. ಎದ್ದ ಮೇಲೆ ಎದೆ ಮುಟ್ಟಿ ನೋಡಿಕೊಂಡೇ ತಿಳಿಯಬೇಕು. 1974ರಲ್ಲಿ ತನ್ನ ಎದೆಯಲ್ಲಿ ಗಂಟು ಕಂಡುಕೊಂಡ ಅಮೆರಿಕದ ಪತ್ರಕರ್ತೆ ರೋಸ್ ಕುಶ್ನರ್ ಇದಕ್ಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆ, ಆಮೇಲೆ ನನ್ನೊಡನೆ ಮಾತು, ಆಮೇಲೆ ಕತ್ತರಿ ಎಂದು ಹಟ ಹಿಡಿದಳು. ಒಪ್ಪುವ ವೈದ್ಯರನ್ನು ಹುಡುಕಲು ಅಲೆದಳು. ಮರುವರ್ಷ ಪುಸ್ತಕ ಬರೆದಳು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಮಿತಿ ಹಾಲ್‌ಸ್ಟೆಡ್ ವಿಧಾನವನ್ನು ಕೈಬಿಡಲು ಹೇಳಿತು. ಆ ಸಮಿತಿಯಲ್ಲಿ ಕುಶ್ನರ್ ಇದ್ದಳು. ಕನ್ನಡದಲ್ಲಿ ಈ ರೋಗದ ಒಳಗಿನಿಂದ ಬರೆದ ಪುಸ್ತಕವೆಂದರೆ ನನಗೆ ಕೂಡಲೇ ನೆನಪಾಗುವುದು ಬಿ.ವಿ. ಭಾರತಿಯವರ 'ಸಾಸಿವೆ ತಂದವಳು'. ಮಲಗಿಸಲ್ಪಟ್ಟವಳು ಎದ್ದು ಕೂತು ಬರೆಯುವ ಪರಂಪರೆಯನ್ನು ಫ್ಯಾನಿ ಬರ್ನಿಯಿಂದ ಹಿಡಿದು ಒಂದೇ ಕಪಾಟಿನಲ್ಲಿ ಇಡಬೇಕೆಂದು ನನ್ನ ಆಸೆ.

ಪುಟ ಸಂಖ್ಯೆ ಗೊತ್ತಿದ್ದರೆ ಪುಸ್ತಕ ಹರಿಯಬೇಕಿಲ್ಲ. ಪರಾಗ್ವೆ ಮೂಲದ ರಾಮೋನ್ ಕಬಾನ್ಯಾಸ್ 1977ರಲ್ಲಿ ಶಿಶ್ನದ ಕ್ಯಾನ್ಸರಿನ ಬಗ್ಗೆ ಬರೆಯುತ್ತ, ಗೆಡ್ಡೆಯಿಂದ ಹೊರಟ ದುಗ್ಧರಸ ಮೊದಲು ಮುಟ್ಟುವ ಗ್ರಂಥಿಯೊಂದಿದೆ, ಅದು ಶುದ್ಧವಾಗಿದ್ದರೆ ಮುಂದಿನವನ್ನು ಬಿಡಬಹುದು ಎಂದ. ಇಂಗ್ಲಿಷಿನಲ್ಲಿ ಸೆಂಟಿನೆಲ್, ಕನ್ನಡದಲ್ಲಿ ಕಾವಲು ಗ್ರಂಥಿ ಎನ್ನಬಹುದು. 1992ರಲ್ಲಿ ಕ್ಯಾಲಿಫೋರ್ನಿಯಾದ ಡೊನಾಲ್ಡ್ ಮಾರ್ಟನ್ ಚರ್ಮದ ಕ್ಯಾನ್ಸರಿನಲ್ಲಿ ನೀಲಿ ಬಣ್ಣ ಚುಚ್ಚಿ ಆ ಗ್ರಂಥಿಯನ್ನು ಕಣ್ಣಿಗೆ ಕಾಣಿಸಿದ. 1993ರಲ್ಲಿ ವರ್ಮಾಂಟಿನ ಡೇವಿಡ್ ಕ್ರಾಗ್ ಸ್ತನದ ಕ್ಯಾನ್ಸರಿಗೆ ವಿಕಿರಣ ಸೂಸುವ ಟೆಕ್ನೀಷಿಯಂ ಬಳಸಿ, ಗಾಮಾ ಕಿರಣ ಹಿಡಿಯುವ ಪೆನ್ನಿನಂಥ ಉಪಕರಣದಿಂದ ಸದ್ದು ಕೇಳಿ ಗ್ರಂಥಿ ಹುಡುಕಿದ. ಮರುವರ್ಷ ಅರ್ಮಾಂಡೊ ಜುಲಿಯಾನೊ ನೀಲಿ ಬಣ್ಣದಿಂದಲೇ ಅದನ್ನು ಮಾಡಿದ. ಬಣ್ಣವನ್ನು ಸ್ತನಕ್ಕೆ ಚುಚ್ಚಿ ಕೆಲವು ನಿಮಿಷ ಕಾದು, ಕಂಕುಳಲ್ಲಿ ಒಂದಿಷ್ಟೇ ಕೊಯ್ದರೆ ನೀಲಿ ದಾರದಂಥ ನಾಳ, ಅದರ ತುದಿಗೆ ನೀಲಿ ಗ್ರಂಥಿ. ಅದೊಂದನ್ನೋ ಎರಡು ಮೂರನ್ನೋ ತೆಗೆದು ರೋಗಶಾಸ್ತ್ರಜ್ಞರಿಗೆ ಕಳಿಸುತ್ತಾರೆ. ಅವರು ವಿಲ್ಸನ್ನನಂತೆ ಹೆಪ್ಪುಗಟ್ಟಿಸಿ ನೋಡುತ್ತಾರೆ, ಇಲ್ಲವೇ ಗ್ರಂಥಿಯನ್ನು ಕತ್ತರಿಸಿ ಗಾಜಿಗೆ ಒತ್ತಿ ಅಂಟಿದ ಜೀವಕೋಶಗಳನ್ನು ನೋಡುತ್ತಾರೆ. ಅರ್ಧ ಗಂಟೆಯೊಳಗೆ ಸುದ್ದಿ. ಇಲ್ಲ ಎಂದರೆ ಅಲ್ಲಿಗೇ ಹೊಲಿಗೆ.

ಮೊದಲ ಗ್ರಂಥಿ ಸುಳ್ಳು ಹೇಳಿದರೆ? ಅದನ್ನೂ ನೋಡಿದರು. ಫಿಶರನ ಬಳಗವೇ 5,611 ಹೆಂಗಸರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು: ಕಾವಲು ಗ್ರಂಥಿ ಶುದ್ಧವಿದ್ದವರಲ್ಲಿ ಉಳಿದವನ್ನು ತೆಗೆದರೂ ಬಿಟ್ಟರೂ ಬದುಕುವ ಪ್ರಮಾಣ ಒಂದೇ. ಕೈ ಬಾತುಕೊಳ್ಳುವುದು ಮಾತ್ರ ಒಂದೇ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದರೆ, ಪೂರ್ತಿ ಕಂಕುಳು ಬಗೆದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ, ಕಾವಲು ಗ್ರಂಥಿ ಮಾತ್ರ ತೆಗೆದವರಲ್ಲಿ ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ.

2011ರಲ್ಲಿ ಜುಲಿಯಾನೊನ ಇನ್ನೊಂದು ಪ್ರಯೋಗ ಪ್ರಕಟವಾದಾಗ ಅನೇಕ ಶಸ್ತ್ರವೈದ್ಯರು ನಂಬಲಿಲ್ಲ. 891 ಹೆಂಗಸರು. ಎಲ್ಲರಿಗೂ ಒಂದೋ ಎರಡೋ ಕಾವಲು ಗ್ರಂಥಿಯಲ್ಲಿ ಕ್ಯಾನ್ಸರ್ ಇತ್ತು. ಅರ್ಧ ಜನರಿಗೆ ಉಳಿದ ಗ್ರಂಥಿಗಳನ್ನೂ ತೆಗೆದರು, ಇನ್ನರ್ಧಕ್ಕೆ ಬಿಟ್ಟರು. ತೆಗೆದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಳಗೆ ಇನ್ನೂ ಕ್ಯಾನ್ಸರ್ ಇತ್ತು. ಬಿಟ್ಟವರಲ್ಲೂ ಅಷ್ಟೇ ಇದ್ದಿರಬೇಕು. ಆದರೂ ಬದುಕುಳಿದವರ ಲೆಕ್ಕದಲ್ಲಿ ಬಿಟ್ಟವರು ಹಿಂದೆ ಬೀಳಲಿಲ್ಲ. ಹತ್ತು ವರ್ಷದ ಲೆಕ್ಕವೂ ಅದನ್ನೇ ಹೇಳಿತು. 2023ರಲ್ಲಿ ಮಿಲಾನಿನಿಂದ ಬಂದ ಪ್ರಯೋಗ ಇನ್ನೂ ಮುಂದೆ ಹೋಯಿತು: ಗೆಡ್ಡೆ ಚಿಕ್ಕದಿದ್ದು ಅಲ್ಟ್ರಾಸೌಂಡಿನಲ್ಲಿ ಕಂಕುಳು ಶುದ್ಧವಾಗಿ ಕಂಡರೆ ಕಾವಲು ಗ್ರಂಥಿಯನ್ನೂ ಮುಟ್ಟಬೇಕಿಲ್ಲ.

ಇದನ್ನು ಓದಿ ಮುಗಿಸಿದ ದಿನ ನನಗೆ ಸಂತೋಷಕ್ಕಿಂತ ಒಂದು ಬಗೆಯ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಹೇಳಲಾರೆ. ಈ ಪ್ರಯೋಗಗಳ ಹೆಂಗಸರನ್ನು ನೋಡಿ. ಗೆಡ್ಡೆ ಚಿಕ್ಕದಿರುವಾಗಲೇ ಬಂದವರು. ಸ್ತನ ಉಳಿಸಿಕೊಂಡು, ವಾರಗಟ್ಟಲೆ ದಿನವೂ ವಿಕಿರಣಕ್ಕೆ ಬಂದುಹೋದವರು. ಆ ವಿಕಿರಣ ಕಂಕುಳಿನ ಕೆಳಭಾಗಕ್ಕೂ ಒಂದಿಷ್ಟು ತಗಲುತ್ತದೆ. ಉಳಿದ ಗ್ರಂಥಿಗಳು ಸುಮ್ಮನಿದ್ದುದರಲ್ಲಿ ಅದರ ಪಾಲೂ ಇದೆ. ಪಾವಗಡದವರು ಬೆಂಗಳೂರಿನಲ್ಲಿ ವಾರಗಟ್ಟಲೆ ಎಲ್ಲಿ ಉಳಿಯಬೇಕು? ಪೂರ್ತಿ ಸ್ತನ ತೆಗೆದುಬಿಡಿ, ಒಂದೇ ಸಲಕ್ಕೆ ಮುಗಿಯಲಿ ಎಂಬ ಮಾತನ್ನು ನಮ್ಮ ಕಡೆಯ ಹೆಂಗಸರು ಹೇಳುವುದರ ಹಿಂದೆ ಭಯದಷ್ಟೇ ಬಸ್ಸಿನ ಲೆಕ್ಕವೂ ಇದೆ.

ಈ ನಾಲ್ಕು ತಾಲ್ಲೂಕುಗಳ ವಿಷಯ ವಿಚಿತ್ರ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಒಂದು ಪ್ರತ್ಯೇಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಪತ್ರಿಕೆಗಳಲ್ಲಿ ತುಮಕೂರು ಬೇರೆ, ಮಧುಗಿರಿ ಬೇರೆ. ಉಳಿದೆಲ್ಲಕ್ಕೂ ನಾವು ತುಮಕೂರು ಜಿಲ್ಲೆಯ ಬಡಗಣ ಅಂಚು. ಪಾವಗಡವಂತೂ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದಿದೆ. ಕ್ಯಾನ್ಸರ್ ಎಂದಾಗ ಈ ನಾಲ್ಕೂ ಊರಿನ ಬಾಯಲ್ಲಿ ಬರುವ ಮಾತು ಒಂದೇ, ಕಿದ್ವಾಯಿ. 1973ರಲ್ಲಿ ಹುಟ್ಟಿ, 1980ರಲ್ಲಿ ಸ್ವಾಯತ್ತ ಸಂಸ್ಥೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲಾಗದ ಕಡೆ 'ಕಿದ್ವಾಯಿಗೆ ಹೋಗಿದ್ರಂತೆ' ಎಂದರೆ ಸಾಕು, ಕೇಳಿದವರು ಮುಂದೆ ಕೇಳುವುದಿಲ್ಲ. ಅಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಮೊದಲ ವರ್ಷಗಳಲ್ಲಿ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು, ಈಗ ಸ್ತನದ್ದು. ಇಡೀ ದೇಶದಲ್ಲಿ 2022ರ ಅಂದಾಜು ಸುಮಾರು 1.92 ಲಕ್ಷ ಹೊಸ ರೋಗಿಗಳು, ಸುಮಾರು 98 ಸಾವಿರ ಸಾವು. ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಡವಾಗಿ ಬರುತ್ತಾರೆ. ಅಷ್ಟರಲ್ಲಿ ಕಂಕುಳಿನ ಗಂಟು ಕೈಗೇ ಸಿಗುತ್ತಿರುತ್ತದೆ. ಅಂಥವರಿಗೆ ನೇರವಾಗಿ ನೀಲಿ ಬಣ್ಣ ಚುಚ್ಚಿ ಕಾವಲು ಗ್ರಂಥಿ ಹುಡುಕುವ ಮಾತೇ ಇಲ್ಲ.

ಟೆಕ್ನೀಷಿಯಂನ ಅರ್ಧಾಯುಷ್ಯ ಆರು ಗಂಟೆ. ಪಾವಗಡದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಕರಗಿರುತ್ತದೆ. ಅದನ್ನು ಬಳಸಲು ಅಣುವೈದ್ಯ ವಿಭಾಗವೇ ಬೇಕು, ಗಾಮಾ ಉಪಕರಣ ಬೇಕು. ನಮ್ಮ ದೇಶದ ವೈದ್ಯರು ಸುಮ್ಮನೆ ಕೂತಿಲ್ಲ. ಹೊರದೇಶದ ದುಬಾರಿ ನೀಲಿಯ ಬದಲು ವಿಲ್ಸನ್ ಕಿಟಕಿಯ ಬಳಿ ಹಚ್ಚಿದ್ದ ಅದೇ ಮಿಥಿಲೀನ್ ಬ್ಲೂ ಇಲ್ಲಿ ಬಳಕೆಯಲ್ಲಿದೆ. 1876ರಲ್ಲಿ ಜರ್ಮನಿಯ ಬಣ್ಣದ ಕಾರ್ಖಾನೆಯಲ್ಲಿ ಬಟ್ಟೆಗೆಂದು ಹುಟ್ಟಿದ, ಬಲು ಅಗ್ಗದ ಬಣ್ಣ ಅದು. ದೆಹಲಿಯ ಏಮ್ಸ್‌ನವರು ಕಣ್ಣಿನ ಪರೀಕ್ಷೆಗೆ ಬಳಸುವ ಫ್ಲೋರೆಸೀನ್ ಚುಚ್ಚಿ, ನೀಲಿ ಎಲ್‌ಇಡಿ ಬೆಳಕು ಬಿಟ್ಟು, ಹಸಿರಾಗಿ ಹೊಳೆಯುವ ಗ್ರಂಥಿಯನ್ನು ಹುಡುಕಿದ್ದಾರೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವಾಣಿ ಪರಮಾರ್ ಮತ್ತು ಸಂಗಡಿಗರು 2013ರಲ್ಲಿ ಇನ್ನೂ ಸರಳವಾದ ದಾರಿ ತೋರಿಸಿದರು: ಬಣ್ಣವೂ ಬೇಡ, ಯಂತ್ರವೂ ಬೇಡ, ಕಂಕುಳನ್ನು ಅಡ್ಡ ಹಾಯುವ ಮೊದಲ ನರವನ್ನು ಗಡಿಯಾಗಿಟ್ಟುಕೊಂಡು ಅದರ ಕೆಳಗಿನ ಕೊಬ್ಬನ್ನಷ್ಟೇ ಗ್ರಂಥಿಗಳ ಸಮೇತ ತೆಗೆದು ಪರೀಕ್ಷಿಸುವುದು. ಕಾವಲು ಗ್ರಂಥಿ ಪರೀಕ್ಷೆಗೆ ಅದು ಸರಿಸಾಟಿಯಾಗಿ ನಿಂತಿತು. ಜಿಲ್ಲಾಸ್ಪತ್ರೆಯಲ್ಲೂ ಮಾಡಬಹುದಾದ ಕೆಲಸ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಗಾಮಾ ಉಪಕರಣಕ್ಕಿಂತ ಇದೇ ದೊಡ್ಡ ಸಂಗತಿ.

ಆದರೆ ಇದೂ ಬೇಗ ಬಂದವರಿಗೇ. ಬೇಗ ಬರುವಂತೆ ಮಾಡುವುದು ಹೇಗೆ ಎಂದು ಹುಡುಕಿದ ಪ್ರಯೋಗವೊಂದು ಟಾಟಾ ಆಸ್ಪತ್ರೆಯದೇ ಇದೆ. 1998ರಲ್ಲಿ ಮುಂಬೈಯ ಕೊಳೆಗೇರಿಗಳಲ್ಲಿ ಶುರುವಾದದ್ದು, 35ರಿಂದ 64 ವರ್ಷದ 1,51,538 ಹೆಂಗಸರು. ಮ್ಯಾಮೊಗ್ರಾಂ ಇಲ್ಲ. ಹತ್ತನೇ ತರಗತಿಯವರೆಗೆ ಓದಿದ ಹೆಂಗಸರಿಗೆ ಕೆಲವು ವಾರ ತರಬೇತಿ ಕೊಟ್ಟು, ಅರ್ಧ ಜನರಿಗೆ ಎರಡು ವರ್ಷಕ್ಕೊಮ್ಮೆ, ಒಟ್ಟು ನಾಲ್ಕು ಸಲ, ಕೈಯಿಂದ ಸ್ತನ ಪರೀಕ್ಷೆ ಮಾಡಿಸಿದರು. 20 ವರ್ಷದ ಲೆಕ್ಕ 2021ರಲ್ಲಿ ಪ್ರಕಟವಾಯಿತು. ಪರೀಕ್ಷೆ ಮಾಡಿದ ಗುಂಪಿನಲ್ಲಿ ರೋಗ ಮುಂಚಿನ ಹಂತದಲ್ಲೇ ಸಿಕ್ಕಿತ್ತು. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಸಾವು ಇಳಿದದ್ದು ಶೇಕಡ 15ರಷ್ಟು, ಅದು ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕ ವ್ಯತ್ಯಾಸ. 50 ದಾಟಿದವರಲ್ಲಿ ಮಾತ್ರ ಸುಮಾರು ಶೇಕಡ 30ರಷ್ಟು ಇಳಿದಿತ್ತು, ಅದು ಆಕಸ್ಮಿಕವಲ್ಲ.

30 ದಾಟಿದ ಹೆಂಗಸರಿಗೆ ಇಂಥ ಪರೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ಮಾಡಬೇಕೆಂದು ಕೇಂದ್ರ ಆರೋಗ್ಯ ಇಲಾಖೆಯ 2016ರ ಮಾರ್ಗಸೂಚಿಯೂ ಹೇಳುತ್ತದೆ. ಹೇಳುವ ಹೆಂಗಸು, ಪರದೆಯ ಹಿಂದೆ ಒಂದು ಮಂಚ, ಮೂರು ಬೆರಳಿನ ಮೆತ್ತನೆಯ ಭಾಗ, ಮೊದಲು ಸ್ತನ, ಆಮೇಲೆ ಕೈ ಎತ್ತಿಸಿ ಇಳಿಸಿ ಕಂಕುಳು. ಬೇಕಾದ ಸಲಕರಣೆ ಇಷ್ಟೇ. ಹತ್ತನೇ ತರಗತಿ ಮುಗಿಸುವ ಹುಡುಗಿಯರು ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ವರ್ಷಕ್ಕೆ ಸಾವಿರಾರು ಮಂದಿ ಇದ್ದಾರೆ.